ಲಕ್ಷ್ಮೀವಾರದ ಟೈಂಟೇಬಲ್ಲು

ಒಂದು ಟೈಂಟೇಬಲ್ ಬರೆಯುವುದು ಎಷ್ಟರ ಕೆಲಸ! ಮೂರು ಹೊತ್ತು ಅಡುಗೆ, ಎರಡು ಹೊತ್ತು ಪೂಜೆ, ತನಗೆ ಮನಸ್ಸು ಬಂದಾಗ ಬರುವ ನಲ್ಲಿ ನೀರು, ಇವನ್ನೆಲ್ಲ ಇಷ್ಟು ವರ್ಷ ಗಡಿಯಾರದ ಹಂಗಿಲ್ಲದೆ ನಡೆಸಿದವಳು ನಾನು. ಅದರ ನಡುವೆ ಬಿ.ಎ. ಮೊದಲ ವರ್ಷದ ಕ್ಲಾಸುಗಳನ್ನು ಸೇರಿಸುವುದು ಪಲ್ಯಕ್ಕೆ ಒಗ್ಗರಣೆ ಹಾಕಿದಷ್ಟು ಸುಲಭ ಎಂದುಕೊಂಡಿದ್ದೆ. ಸೀದುಹೋದ ಮೇಲೆ ಹೇಳುತ್ತಿದ್ದೇನೆ, ಕೇಳಿ.

ಈ ವಯಸ್ಸಿನಲ್ಲಿ ನಾನು ದೂರಶಿಕ್ಷಣಕ್ಕೆ ಸೇರಿದ್ದು ವಿದ್ಯೆಯ ಹಸಿವಿನಿಂದ ಎಂದು ರಾಯದುರ್ಗದ ನಮ್ಮ ಓಣಿಯಲ್ಲೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಜ ಶಿವನಿಗೆ ಗೊತ್ತು. ನಾನು ಸೇರಿದ್ದು ವಿಶಾಲಾಕ್ಷಿ ಸೇರಿದಳೆಂದು! ವಿಶಾಲಾಕ್ಷಿ ಎಂದರೆ ನನ್ನ ಮೈದುನನ ಹೆಂಡತಿ, ನನಗೆ ವಾರಗಿತ್ತಿ. ಮಡಕಶಿರದಲ್ಲಿದ್ದಾಳೆ. ಆದರೆ ನಮ್ಮ ಅತ್ತೆಯ ಬಾಯಲ್ಲಿ ಮೂರು ಹೊತ್ತೂ ಇಲ್ಲೇ ಇರುತ್ತಾಳೆ.

"ನಮ್ಮ ವಿಶಾಲಿ ಡಿಗ್ರಿ ಓದಾಕತ್ತ್ಯಾಳಂತ ನೋಡು. ಮನಿ ಬೆಳಗಿದ್ಲು!" ಎಂದರು ಅತ್ತೆ, ನಾನು ಬಡಿದ ರೊಟ್ಟಿ ಮುರಿಯುತ್ತ.

ಇಷ್ಟು ವರ್ಷ ಈ ಮನೆಯಲ್ಲಿ ಸಂಜೆಯ ದೀಪ ಹಚ್ಚಿದವಳು ನಾನು. ಮನೆ ಬೆಳಗಿದವಳು ಅವಳು! ಮರುವಾರವೇ ಅಡ್ಮಿಷನ್ ಮಾಡಿಸಿದೆ.

ಕ್ಲಾಸುಗಳೆಲ್ಲ ಫೋನಿನಲ್ಲೇ. ಆದರೆ ಮೊದಲು ಒಂದು ದಿನ ಅನಂತಪುರದ ಸ್ಟಡಿ ಸೆಂಟರಿಗೆ ಖುದ್ದಾಗಿ ಹೋಗಿ, ದಿನಾಲೂ ಯಾವ ಯಾವ ಹೊತ್ತಿಗೆ ಓದುತ್ತೇವೆಂದು ನಾವೇ ಬರೆದ ಟೈಂಟೇಬಲ್ ಕೊಡಬೇಕು. ಅದನ್ನು ನೋಡಿ ಬ್ಯಾಚ್ ಕೊಡುತ್ತಾರೆ. ಅಲ್ಲಿನ ಮೇಡಂ ವಾಟ್ಸಾಪಿನಲ್ಲಿ ತೆಲುಗಿನಲ್ಲಿ ಖಡಕ್ಕಾಗಿ ಹೇಳಿದ್ದರು: "ಲಕ್ಷ್ಮೀವಾರಂ ಅಂದರೂ ರಾವಾಲಿ. ರಾಕಪೋತೇ ಅಡ್ಮಿಷನ್ ಕ್ಯಾನ್ಸಲ್!" ಲಕ್ಷ್ಮೀವಾರ ಎಲ್ಲರೂ ಬರಬೇಕು, ಬಾರದಿದ್ದರೆ ಅಡ್ಮಿಷನ್ ರದ್ದು.

ಲಕ್ಷ್ಮೀವಾರ! ಎಂಥ ದೈವಭಕ್ತೆ ಈ ಮೇಡಂ ಎಂದು ನನಗೆ ಕಣ್ಣು ತುಂಬಿ ಬಂತು. ಬರೀ ಶುಕ್ರವಾರ ಎನ್ನದೆ ತಾಯಿಯ ಹೆಸರು ಹಿಡಿದು ಹೇಳಿದ್ದಾರಲ್ಲ!

ಅಷ್ಟರಲ್ಲಿ ವಿಶಾಲಾಕ್ಷಿಯದೇ ಫೋನು. "ಅಕ್ಕಾ, ಮೇಡಮ್ಮು ಲಕ್ಷ್ಮೀವಾರ ಅಂದವ್ರಲ್ಲ, ಅದು ಯಾವತ್ತು ಕಣಕ್ಕ?"

ನನ್ನ ಹೊಟ್ಟೆಯೊಳಗೆ ತಣ್ಣನೆಯ ಮಜ್ಜಿಗೆ ಇಳಿದಂತಾಯಿತು. "ಅಯ್ಯ! ಡಿಗ್ರಿ ಓದಾಕಿಗೆ ಲಕ್ಷ್ಮಿ ವಾರ ಯಾವ್ದಂತ ಗೊತ್ತಿಲ್ಲೇನು? ಶುಕ್ರವಾರ!"

"ನಂಗ್ಯಾಕೋ ಅನುಮಾನ ಕಣಕ್ಕ. ಮೇಡಮ್ಮುನ್ನೇ ಒಂದ್ ಮಾತು ಕೇಳ್ಬಿಡಾನ."

"ಕೇಳಿ ನಮ್ಮ ಮನೆತನದ ಮರ್ಯಾದಿ ಕಳೀಬ್ಯಾಡ, ತಾಯಿ!" ಎಂದು ಫೋನಿಟ್ಟೆ.

ಸಂಜೆ ಅವಳು ತನ್ನ ಟೈಂಟೇಬಲ್ಲಿನ ಫೋಟೋವನ್ನು ಮನೆಯವರೆಲ್ಲ ಇರುವ ಗುಂಪಿಗೆ ಹಾಕಿದಳು. ಒಂದೊಂದು ವಿಷಯಕ್ಕೆ ಒಂದೊಂದು ಬಣ್ಣ. ಮೇಲೆ ಲ್ಯಾಮಿನೇಷನ್ ಬೇರೆ! ಅತ್ತೆ ಕನ್ನಡಕ ಹಾಕಿಕೊಂಡು ಅದನ್ನು ನೋಡಿದ ರೀತಿಗೆ, ಇನ್ನೇನು ಕರ್ಪೂರ ಕೇಳುತ್ತಾರೆಂದು ಹೆದರಿದೆ. ಅಂದಿನಿಂದ ವಿಶಾಲಾಕ್ಷಿಯ ಮೆಸೇಜುಗಳನ್ನು ತೆರೆಯುವುದೇ ಬಿಟ್ಟೆ. ಕಣ್ಣಿಗೆ ಒಳ್ಳೆಯದಲ್ಲ.

ನಾನೂ ಕೂತೆ. ಕೈಯಲ್ಲಿ ಪೆನ್ನು, ಗೋಡೆಯ ಮೇಲೆ ಪಂಚಾಂಗದ ಕ್ಯಾಲೆಂಡರು. ವಿದ್ಯಾರಂಭವನ್ನು ರಾಹುಕಾಲದಲ್ಲಿ ಮಾಡಲಾದೀತೆ? ಏಳೂ ದಿನದ ರಾಹುಕಾಲ ಹೊಡೆದುಹಾಕಿದೆ. ಯಮಗಂಡ ಹೊಡೆದುಹಾಕಿದೆ. ಸೋಮವಾರ ಶಿವನದು. ಶನಿವಾರ ನೇಮಕಲ್ಲಿನ ಆಂಜನೇಯನದು. ಉಳಿದ ದಿನಗಳಲ್ಲಿ ನೀರು, ಹಾಲು, ರೊಟ್ಟಿ, ಅತ್ತೆಯ ಮಾತ್ರೆ. ಎಲ್ಲ ಕಳೆದು ನೋಡಿದರೆ ವಿಶ್ವವಿದ್ಯಾಲಯದ ಪಾಲಿಗೆ ಉಳಿದದ್ದು ಮಧ್ಯಾಹ್ನ ಊಟವಾದ ಮೇಲಿನ ಹೊತ್ತೊಂದೇ. ಆಗ ನಾನು ನಿದ್ದೆ ಮಾಡುತ್ತೇನೆ. ಅದು ವ್ರತವಲ್ಲ, ಆದರೆ ಇದುವರೆಗೆ ತಪ್ಪಿಸಿಲ್ಲ.

ಕೊನೆಗೆ ಉಪಾಯ ಹೊಳೆಯಿತು. ಗುಳಿಕಕಾಲದಲ್ಲಿ ಮಾಡಿದ್ದು ಮತ್ತೆ ಮತ್ತೆ ಆಗುತ್ತದೆ ಎನ್ನುತ್ತಾರೆ. ಅರ್ಥಶಾಸ್ತ್ರವನ್ನು ಅಲ್ಲಿಗೆ ಹಾಕಿದರೆ, ಓದಿದ್ದೆಲ್ಲ ತಾನಾಗಿಯೇ ಮತ್ತೆ ಮತ್ತೆ ನೆನಪಿಗೆ ಬರಬೇಕಲ್ಲ! ನಮ್ಮ ಮನೆಯವರಿಗೆ ತೋರಿಸಿದೆ. ಅವರದು ಜೀನ್ಸ್ ಪ್ಯಾಂಟಿನ ಜಿಪ್ಪು, ಗುಂಡಿ ಮಾರುವ ಅಂಗಡಿ. ಯಾವುದನ್ನೇ ಆಗಲಿ ಎಳೆದು, ಮುಚ್ಚಿ, ತೆರೆದು ನೋಡುವ ಅಭ್ಯಾಸ.

"ಗುಳಿಕದಾಗ ಓದಿ ಫೇಲಾದ್ರ? ಅದೂ ಮತ್ತ ಮತ್ತ ಆಗತೈತಲ್ಲೇ?" ಎಂದರು.

"ಬಿಡ್ತು ಅನ್ರಿ!" ಎಂದೆ. ಅರ್ಥಶಾಸ್ತ್ರವನ್ನು ಉಪ್ಪಿಟ್ಟಿನ ಹೊತ್ತಿಗೆ ಸರಿಸಿದೆ. ಇತಿಹಾಸವನ್ನು ನಿದ್ದೆಗೆ ಕೊಟ್ಟೆ. ಹೇಗೂ ಆಗಿಹೋದ ವಿಷಯ.

ಇನ್ನು ಅದರ ಅಂದಚಂದ. ಅವಳದು ಲ್ಯಾಮಿನೇಷನ್ ಆದರೆ ನನ್ನದು ಅದಕ್ಕಿಂತ ಒಂದು ಕೈ ಮೇಲಿರಬೇಕು. ಗುರುವಾರ ಬೆಳಿಗ್ಗೆ ನೇರ ಫ್ಲೆಕ್ಸ್ ಅಂಗಡಿಗೆ ಹೋದೆ.

"ಫೋಟೋ ಯಾವ್ದು ಹಾಕ್ಲಿ ಅಕ್ಕಾರ?" ಎಂದ ಅಂಗಡಿಯವನು.

"ಟೈಂಟೇಬಲ್ಲಿಗೆ ಫೋಟೋ ಯಾಕಪ್ಪ?"

"ಫೋಟೋ ಇಲ್ದ ಫ್ಲೆಕ್ಸ್ ನಾವು ಇದುವರ್ಗೂ ಮಾಡೇ ಇಲ್ರಿ!"

ವಿಶಾಲಾಕ್ಷಿಯದರಲ್ಲಿ ಫೋಟೋ ಇಲ್ಲ ಎಂಬುದು ತಟ್ಟನೆ ನೆನಪಾಯಿತು. "ಹಾಕಪ್ಪ!" ಎಂದೆ. ಆಗಲೇ ಫೋನು ಬಡಿದುಕೊಂಡಿತು. ವಿಶಾಲಾಕ್ಷಿ! ಇನ್ನೇನು ಕೊಚ್ಚಿಕೊಳ್ಳುವುದು ಬಾಕಿಯಿದೆಯೋ ಎಂದು ಎತ್ತಲಿಲ್ಲ. ಮತ್ತೆ ಬಡಿದುಕೊಂಡಿತು. ಫೋನನ್ನು ಬ್ಯಾಗಿನ ತಳಕ್ಕೆ, ಕುಂಕುಮದ ಪೊಟ್ಟಣದ ಕೆಳಗೆ ಇಟ್ಟೆ.

ಫ್ಲೆಕ್ಸ್ ತಯಾರಾಯಿತು. ನಡುವೆ ಟೈಂಟೇಬಲ್ಲು. ಪಕ್ಕದಲ್ಲಿ ಆಳೆತ್ತರಕ್ಕೆ ಕೈಮುಗಿದು ನಿಂತ ನಾನು. ತಲೆಯ ಮೇಲೆ ತೆಲುಗಿನಲ್ಲಿ 'ಶುಭಾಕಾಂಕ್ಷಲು', ಅಂದರೆ ಶುಭಾಶಯಗಳು. ಯಾರಿಗೆ ಶುಭಾಶಯ, ಯಾತಕ್ಕೆ ಶುಭಾಶಯ, ಅದು ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಮೂಲೆಯಲ್ಲಿ ನಮ್ಮ ಮನೆಯವರ ಮುಖ, ಅವರದೇ ಅಂಗಡಿಯ ಗುಂಡಿಯಷ್ಟು.

"ನಾನ್ಯಾಕ ಇಲ್ಲಿ ಇಷ್ಟು ಸಣ್ಣಗ ಇದ್ದೀನಿ?" ಎಂದರು ಅವರು.

"ಕಾರ್ಯಕರ್ತರದ್ದು ಅಷ್ಟೇ ಇರತೈತಂತ್ರಿ!"

ಶುಕ್ರವಾರ ತಲೆಗೆ ಸ್ನಾನ ಮಾಡಿ, ಲಕ್ಷ್ಮಿಗೆ ಕಾಯಿ ಒಡೆದು, ರೇಷ್ಮೆ ಸೀರೆಯುಟ್ಟು ಅನಂತಪುರದ ಬಸ್ಸು ಹತ್ತಿದೆ. ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ದೇವರ ದಯೆ. ಕಂಬದಂತೆ ಸುತ್ತಿದ ಫ್ಲೆಕ್ಸ್ ಮಾತ್ರ ಎಲ್ಲಿಟ್ಟರೂ ಯಾರಿಗಾದರೂ ತಿವಿಯುತ್ತಿತ್ತು. ಕಂಡಕ್ಟರು ಅದನ್ನೂ ನನ್ನ ಸೀರೆಯನ್ನೂ ನೋಡಿ, "ಏ ಪಾರ್ಟಿ ಅಮ್ಮಾ?" ಯಾವ ಪಕ್ಷ ಎಂದು ವಿನಯದಿಂದ ಕೇಳಿದರು.

"ಬಿ.ಎ. ಫಸ್ಟ್ ಇಯರ್," ಎಂದೆ. ಅವರು ಟಿಕೆಟ್ ಹರಿದು ಕೊಟ್ಟು ಮುಂದಿನ ಸೀಟಿಗೆ ಹೋದರು.

ಸ್ಟಡಿ ಸೆಂಟರಿನಲ್ಲಿ ಒಂದು ಜೋಡಿ ಚಪ್ಪಲಿಯೂ ಕಾಣಲಿಲ್ಲ. ನಾನೇ ಮೊದಲು! ವಿಶಾಲಾಕ್ಷಿಗಿಂತ ಮೊದಲು! ಬಾಗಿಲಿಗೆ ಕಾಣುವಂತೆ ಫ್ಲೆಕ್ಸನ್ನು ಕಿಟಕಿಯ ಸರಳಿಗೆ ಕಟ್ಟಿದೆ. ಒಳಗಿಂದ ಅಟೆಂಡರ್ ಬಂದರು. ನನ್ನನ್ನು ನೋಡಿದರು. ಫ್ಲೆಕ್ಸಿನಲ್ಲಿದ್ದ ನನ್ನನ್ನು ನೋಡಿದರು. ತಾವೂ ಕೈಮುಗಿದರು. ವಿಷಯ ಹೇಳಿದೆ.

"ಅದಿ ನಿನ್ನನೇ ಅಯಿಪೋಯಿಂದಿ ಕದಮ್ಮಾ!" ನಿನ್ನೆಯೇ ಮುಗಿಯಿತಂತೆ!

"ಮೇಡಂ ಲಕ್ಷ್ಮೀವಾರ ಅಂದಿದ್ರಲ್ರೀ!"

ಗಾಬರಿಗೆ ನನ್ನ ತೆಲುಗೆಲ್ಲ ಕನ್ನಡವಾಗಿತ್ತು. ಅವರು ಸಮಾಧಾನವಾಗಿ ಬಿಡಿಸಿ ಹೇಳಿದರು. ಮೇಡಂ ಸಮುದ್ರದ ಕಡೆ ಶ್ರೀಕಾಕುಳದವರು. ಆ ಸೀಮೆಯ ತೆಲುಗಿನಲ್ಲಿ ಲಕ್ಷ್ಮೀವಾರವೆಂದರೆ ಗುರುವಾರ! ನಮ್ಮ ಕಡೆ ಬೇಸ್ತವಾರ ಎನ್ನುತ್ತೇವಲ್ಲ, ಅದು!

ಮೆಟ್ಟಿಲ ಮೇಲೆ ಕುಸಿದು ಕುಳಿತೆ. ಬೆನ್ನ ಹಿಂದೆ ನಾನೇ ನಗುತ್ತ ಶುಭಾಶಯ ಕೋರುತ್ತಿದ್ದೆ. ಅಡ್ಮಿಷನ್ ಹೋಯಿತು! ಅತ್ತೆ ಇನ್ನು ಜೀವಮಾನವಿಡೀ ವಿಶಾಲಿ, ವಿಶಾಲಿ ಎನ್ನುತ್ತಾರೆ. ಶಿವಾ, ಇದೊಂದು ಸಲ ಕಾಪಾಡು ಎಂದು ಕಣ್ಣುಮುಚ್ಚಿದೆ. ಮನೆಯವರಿಗೆ ಹೇಳೋಣವೆಂದು ಫೋನು ತೆಗೆದರೆ, ನಾನು ತೆರೆಯದೇ ಬಿಟ್ಟಿದ್ದ ವಿಶಾಲಾಕ್ಷಿಯ ಮೆಸೇಜು: "ಅಕ್ಕಾ, ಮೇಡಮ್ಮುನ್ನ ಕೇಳ್ದೆ. ಇವತ್ತೇ ಅಂತೆ, ಬೇಸ್ತವಾರ. ಫೋನ್ ಎತ್ತು."

ಅಭಿಮಾನ ನುಂಗಿ ಅವಳಿಗೆ ಫೋನ್ ಮಾಡಿದೆ.

"ಎಲ್ಲಿ ಹೋಗಿದ್ದೆ ಅಕ್ಕಾ! ನಿನ್ನ ಹೆಸ್ರೂ ಬರೆಸಿದ್ದೀನಿ ಕಣಕ್ಕ, ಹೆದರ್ಕಬೇಡ," ಎಂದಳು. "ಅಕ್ಕಂಗೆ ಮೈ ಸರಿಯಿಲ್ಲ ಅಂದೆ. ದೇವ್ರು ಕ್ಷಮಿಸ್ಲಿ."

ಎದ್ದು ನಿಂತೆ. "ಟೈಂಟೇಬಲ್ ಕೇಳ್ಲಿಲ್ಲೇನು?"

"ಕೇಳಿದ್ರು. ನಂದೇ ಒಂದು ಜೆರಾಕ್ಸ್ ಮಾಡಿಸಿ ನಿನ್ನ ಹೆಸ್ರಲ್ಲಿ ಕೊಟ್ಟೆ. ಮೇಡಮ್ಮು ಭಾರಿ ಮೆಚ್ಕೊಂಡ್ರು ಕಣಕ್ಕ. ಇಬ್ರೂ ಒಂದೇ ಬ್ಯಾಚು!"

ಹೀಗೆ ಈ ವರ್ಷ ನಾನು ಏಳುವುದು, ಓದುವುದು, ಕಡೆಗೆ ಮಧ್ಯಾಹ್ನ ಕಣ್ಣು ಮುಚ್ಚದೆ ಇರುವುದು, ಎಲ್ಲ ವಿಶಾಲಾಕ್ಷಿಯ ಟೈಂಟೇಬಲ್ಲಿನ ಪ್ರಕಾರ. ದಿನಾ ಬೆಳಿಗ್ಗೆ "ಅಕ್ಕಾ, ಎದ್ಯಾ?" ಎಂದು ಅವಳ ಫೋನು ಬೇರೆ. "ತಂಗಿ ಅಂದ್ರ ಹಿಂಗಿರಬೇಕು!" ಎಂದು ಅತ್ತೆಯ ಮೆಚ್ಚುಗೆ ಬೇರೆ.

ದೂರುವ ಹಾಗಿಲ್ಲ. ಅಡ್ಮಿಷನ್ ಉಳಿಯಿತು. ಕಷ್ಟದಲ್ಲಿ ದೇವರು ಯಾರದೋ ಕೈಯಿಂದ ಕಾಪಾಡುತ್ತಾನೆ ಎಂಬುದನ್ನು ನಾನು ಮೊದಲಿನಿಂದಲೂ ನಂಬಿದವಳು. ದಿನಾ ಕೈಮುಗಿದು ಅವನನ್ನು ಒಂದೇ ಮಾತು ಕೇಳುತ್ತೇನೆ: ಸ್ವಾಮಿ, ಇಷ್ಟು ದೊಡ್ಡ ಪ್ರಪಂಚದಲ್ಲಿ ನಿನಗೆ ಬೇರೆ ಯಾರ ಕೈಯೂ ಸಿಗಲಿಲ್ಲವೇ!