ಭಾವನವರ ಮೂರನೆಯ ಸಿದ್ಧಾಂತ

ಇದನ್ನು ಬರೆಯಲು ಕೂತಾಗಲೆಲ್ಲ ನನಗೆ ಬೇರೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಸೀಮೆಎಣ್ಣೆ ಸ್ಟೌವಿನ ಬತ್ತಿ ಬದಲಾಯಿಸುವ ಕಾಲದಿಂದ ಗ್ಯಾಸಿಗೆ ಫೋನು ಮಾಡುವ ಕಾಲದವರೆಗೆ ನೆಪಗಳು ಬದಲಾದವು, ಬರವಣಿಗೆ ಮಾತ್ರ ನಾಳೆ ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು. ಈಗ ನೆಪ ಹುಡುಕುವುದಕ್ಕೂ ಮೈಯಲ್ಲಿ ಶಕ್ತಿಯಿಲ್ಲ. ಆದ್ದರಿಂದ ಹೇಳಿಬಿಡುತ್ತೇನೆ. ನಮ್ಮ ಭಾವನವರು ಮನುಷ್ಯರ ನಡವಳಿಕೆಯನ್ನು ಓದಿ ಡಿಗ್ರಿ ಪಡೆದವರು. ಆದರೆ ಅವರು ಎದುರಿಗೆ ಬಂದು ಕೂತರೆ ಯಾವ ಮನುಷ್ಯನೂ ನೆಟ್ಟಗೆ ನಡೆದುಕೊಳ್ಳುತ್ತಿರಲಿಲ್ಲ.

ಭಾವ ಎಂದರೆ ನನ್ನ ಅಕ್ಕನ ಗಂಡ. ಸಮಾಜಕಾರ್ಯ ಎಂಬ ವಿಷಯದಲ್ಲಿ ಎಂ.ಎ. ಮಾಡಿ, ಅದನ್ನೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದರು. ಇದು ಎಪ್ಪತ್ತರ ದಶಕದ ಮಾತು. ಬಸವೇಶ್ವರನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಅಪ್ಪ ಕಟ್ಟಿಸಿದ ಮನೆಯ ಮುಂದಿನ ಪೋರ್ಷನ್ನಿನಲ್ಲಿ ಅಕ್ಕ, ಭಾವ. ಹಿಂದೆ ಅಪ್ಪ, ಅಮ್ಮ ಮತ್ತು ನಾನು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ರಾಜಾಜಿನಗರದ ಒಂದು ಫ್ಯಾಕ್ಟರಿಯ ಸ್ಟೋರ್ಸಿನಲ್ಲಿ ಕೆಲಸಕ್ಕಿದ್ದೆ. ಸಮಾಜಕಾರ್ಯ ಎಂದರೆ ಮದುವೆಮನೆಯಲ್ಲಿ ಎಲೆ ಹಾಕುವುದು, ಸತ್ತ ಮನೆಯಲ್ಲಿ ಚಟ್ಟ ಕಟ್ಟುವುದು ಎಂದು ತಿಳಿದಿದ್ದವನು. ಅದಕ್ಕೆ ಡಿಗ್ರಿ ಯಾಕೆ ಬೇಕು?

"ಚಟ್ಟ ಕಟ್ಟೋಕೆ ಬೇಡ ಕಣಯ್ಯಾ," ಎನ್ನುತ್ತಿದ್ದರು ಭಾವ. "ಯಾರು ಬಂದ್ರು, ಯಾರು ಬರ್ಲಿಲ್ಲ, ಬಂದೋರು ಎಲ್ಲಿ ನಿಂತ್ಕೊಂಡ್ರು, ಅದನ್ನ ನೋಡೋಕೆ ಬೇಕು."

ನೋಡುವುದೇ ಅವರ ಕಸುಬು. ಯಾರಾದರೂ ವಿಚಿತ್ರವಾಗಿ ಆಡಿದರೆ ಯಾಕೆ ಎಂದು ಕೇಳಬಾರದು, ಯಾವಾಗ ಎಂದು ಕೇಳಬೇಕು ಎಂಬುದು ಅವರ ನಿಯಮ. ಯಾಕೆ ಎಂದು ಕೇಳಿದರೆ ಜನ ಸುಳ್ಳು ಹೇಳುತ್ತಾರಂತೆ. ಯಾವಾಗ ಎಂದು ಕೇಳಿದರೆ ಪಾಪ, ಯೋಚನೆ ಮಾಡುತ್ತಾರಂತೆ. ಹಾಲಿನವನು ಒಮ್ಮೆ, "ಇವತ್ತು ಹಸು ಒದ್ದುಬಿಡ್ತು ಸಾರ್, ಹಾಲು ಕಮ್ಮಿ," ಎಂದ. "ಯಾವಾಗ ಒದೀತು?" ಎಂದರು ಭಾವ. ಅವನು ಬಹಳ ಹೊತ್ತು ಯೋಚಿಸಿ, "ನಾನು ನೀರು ಬೆರೆಸೋವಾಗ ಸಾರ್," ಎಂದುಬಿಟ್ಟ.

ಅವರ ಮೊದಲನೆಯ ಸಿದ್ಧಾಂತ ಬಹುಮಾನದ್ದು. ಬೈದರೆ ಚಟ ಬಿಡುವುದಿಲ್ಲ, ಬಿಟ್ಟ ಕೂಡಲೇ ಬಹುಮಾನ ಕೊಟ್ಟರೆ ಬಿಡುತ್ತದೆ ಎಂಬುದು ಅದರ ತಿರುಳು. ಎದುರುಮನೆಯ ಪುಟ್ಟ ಹುಡುಗಿ ಹೆಬ್ಬೆರಳು ಚೀಪುತ್ತಿದ್ದಳು. ಅವಳ ತಾಯಿ ಬೇವಿನೆಣ್ಣೆ ಹಚ್ಚಿ ಸೋತಿದ್ದರು. ಭಾವನವರು ಜೇಬಿನ ತುಂಬ ಪೆಪ್ಪರ್‌ಮಿಂಟು ತುಂಬಿಕೊಂಡು ಗೇಟಿನ ಬಳಿ ಕುರ್ಚಿ ಹಾಕಿದರು. ಬೆರಳು ಬಾಯಿಂದ ಹೊರಬಂದರೆ ಪೆಪ್ಪರ್‌ಮಿಂಟು. ಹುಡುಗಿ ಜಾಣೆ. ಬೆರಳು ಹೊರಗೆ ತೆಗೆಯಬೇಕಾದರೆ ಮೊದಲು ಒಳಗಿಡಬೇಕಲ್ಲ? ಆ ವಾರದ ಕೊನೆಗೆ ಬೀದಿಯ ಮಕ್ಕಳೆಲ್ಲ, ಹಿಂದೆಂದೂ ಚೀಪದವರೂ ಸೇರಿ, ಬಾಯಲ್ಲಿ ಬೆರಳಿಟ್ಟುಕೊಂಡು ನಮ್ಮ ಗೇಟಿನ ಮುಂದೆ ನಿಂತಿದ್ದರು.

"ಸಿದ್ಧಾಂತ ಸರಿಯಾಗೇ ಇದೆ," ಎಂದರು ಭಾವ. "ಮಕ್ಕಳು ಅದನ್ನ ನನಗಿಂತ ಬೇಗ ಕಲ್ತುಬಿಟ್ರು."

ಎರಡನೆಯದು ಬಾಲ್ಯದ್ದು. ದೊಡ್ಡವರಾದ ಮೇಲಿನ ಸಿಟ್ಟಿಗೆಲ್ಲ ಬೇರು ಎಳೆತನದಲ್ಲಿರುತ್ತದಂತೆ. ನಮ್ಮ ಅಪ್ಪ ಸಾರಿನಲ್ಲಿ ಉಪ್ಪು ಕಡಿಮೆಯಾದರೆ ತಟ್ಟೆ ದೂಡುವ ಪೈಕಿ. ಭಾವನವರು ಒಂದು ಸಂಜೆ ಜಗಲಿಯಲ್ಲಿ ಅವರ ಪಕ್ಕ ಕೂತು, "ಮಾವ, ನೀವು ಚಿಕ್ಕೋರಿದ್ದಾಗ ನಿಮಗೆ ಯಾರು ಊಟ ಬಡಿಸ್ತಿದ್ರು?" ಎಂದರು. ಅಪ್ಪ ಹೇಳಲು ಶುರುಮಾಡಿದರು. ಮರುದಿನವೂ ಹೇಳಿದರು. ಅವರ ಬಾಲ್ಯ ಮುಗಿಯುವಷ್ಟರಲ್ಲಿ ನಮ್ಮ ಬೇಸಿಗೆ ಮುಗಿಯಿತು. ಭಾವನವರು ಕಣ್ಣು ತೆರೆದುಕೊಂಡೇ ನಿದ್ದೆ ಮಾಡುವುದನ್ನು ಕಲಿತರು ಎಂದು ನಾನು ಎಲ್ಲರಿಗೂ ಹೇಳಿಕೊಂಡು ಬಂದೆ. ಅಪ್ಪ ತಟ್ಟೆ ದೂಡುವುದನ್ನು ಬಿಟ್ಟು, ಬೇಗ ಉಂಡು ಜಗಲಿಗೆ ಓಡುತ್ತಿದ್ದರು ಎಂಬುದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅದರಲ್ಲಿ ನಗುವಂಥದ್ದೇನೂ ಇರಲಿಲ್ಲವಲ್ಲ.

ಈಗ ನನ್ನ ವಿಷಯ. ನಾನು ಜನರನ್ನು ಅಣಕಿಸುವುದರಲ್ಲಿ ನಿಪುಣ. ಫ್ಯಾಕ್ಟರಿಯ ಕ್ಯಾಂಟೀನಿನಲ್ಲಿ ನಾನು ಭಾವನವರಂತೆ ಕತ್ತು ಓರೆ ಮಾಡಿ "ಯಾವಾಗ?" ಎಂದರೆ ಕಾಫಿ ಕುಡಿಯುತ್ತಿದ್ದವರಿಗೆ ನೆತ್ತಿಗೆ ಹತ್ತುತ್ತಿತ್ತು. ಭಾವ ಸೈಕಲ್ಲಿನಿಂದ ಬಿದ್ದು, ಎದ್ದು ಕೂತು, "ಯಾವಾಗ ಬಿದ್ದೆ?" ಎಂದು ತಮ್ಮನ್ನೇ ಕೇಳಿಕೊಂಡರು ಎಂಬ ಕಥೆ ನಾನೇ ಹುಟ್ಟಿಸಿದ್ದು.

ಅಷ್ಟರಲ್ಲಿ ನನ್ನ ಮದುವೆಯಾಯಿತು. ಹೆಂಡತಿ ಹಾವೇರಿ ಕಡೆಯವಳು. ಮೊದಲ ಭಾನುವಾರ ನನ್ನ ಗೆಳೆಯರು ಮನೆಗೆ ಬಂದಾಗ ಅವಳು ಬಾಗಿಲಿಗೆ ಬಂದು, "ಬರ್ರಿ, ಒಳಗ ಬರ್ರಿ. ಕುಂದರ್ರಿ. ಚಾ ಮಾಡ್ಲೇನ್ರಿ?" ಎಂದಳು. ನಾನು ತಕ್ಷಣ ರೇಡಿಯೋ ತಿರುಗಿಸುವವನಂತೆ ಕೈಯಾಡಿಸಿ, "ಧಾರವಾಡ ಸ್ಟೇಷನ್ ಸಿಕ್ತು, ಕೇಳ್ರೋ!" ಎಂದು, ಅವಳ ಮಾತನ್ನೇ ಎಳೆದೆಳೆದು ಆಡಿ ತೋರಿಸಿದೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಮುಂದಿನ ಭಾನುವಾರ, "ಎಲ್ಲಿ ಮಗಾ, ಸ್ಟೇಷನ್ ಹಾಕು," ಎಂದು ಅವರೇ ಕೇಳಿದರು. ನಾನು ಹಾಕಿದೆ. ಅದರ ಮುಂದಿನ ಭಾನುವಾರವೂ ಹಾಕಿದೆ.

ಹೆಂಡತಿ ಮೊದಲು ಗೆಳೆಯರ ಮುಂದೆ ಮಾತು ನಿಲ್ಲಿಸಿದಳು. ಆಮೇಲೆ ನನ್ನ ಮುಂದೆ. ಕೊನೆಗೆ ಅಮ್ಮ ಕೇಳಿದ್ದಕ್ಕೂ ಬರೀ ತಲೆಯಾಡಿಸುತ್ತಿದ್ದಳು. ಡಾಕ್ಟರು ಟಾರ್ಚು ಹಾಕಿ ನೋಡಿ ಗಂಟಲು ಚೆನ್ನಾಗಿದೆ ಎಂದರು. ಅಮ್ಮ ತಾಯಿತ ಕಟ್ಟಿಸಿದರು. ಸುದ್ದಿ ಹಾವೇರಿಗೂ ಮುಟ್ಟಿತು. ಮಗಳನ್ನು ಒಂದಿಷ್ಟು ದಿನ ಕರೆದುಕೊಂಡು ಹೋಗುತ್ತೇನೆಂದು ನನ್ನ ಮಾವ ಹೇಳಿಕಳಿಸಿದರು. ಆ ಒಂದಿಷ್ಟು ದಿನಕ್ಕೆ ಕೊನೆಯಿರುವುದಿಲ್ಲ ಎಂದು ನಮ್ಮೆಲ್ಲರಿಗೂ ಗೊತ್ತಿತ್ತು.

ಅಮ್ಮ ಬೇರೆ ದಾರಿ ಕಾಣದೆ ಅಳಿಯನನ್ನು ಕೇಳಿದರು. ಭಾವನವರು, "ಯಾವಾಗ ಮಾತಾಡಲ್ಲ?" ಎಂದರು. ಯಾವಾಗಲೂ ಎಂದೆವು. ಅವರು ನಂಬದೆ ಕುರ್ಚಿ ಎತ್ತಿಕೊಂಡು ಮನೆಯಲ್ಲೆಲ್ಲ ಕೂತುನೋಡಿದರು. ಹಿತ್ತಲಿನಲ್ಲೂ ಪೇಪರು ಹಿಡಿದು ಕೂತಾಗ ಅಕ್ಕನಿಗೆ ರೇಗಿತು.

"ಹೆಂಗಸರು ಬಟ್ಟೆ ಒಗೆಯೋ ಕಡೆ ಏನ್ರೀ ನಿಮ್ದು? ಆ ಪೇಪರ್ ತಲೆಕೆಳಗಾಗಿದೆ, ನೋಡ್ಕೊಳ್ಳಿ."

ಮಾವ ಬರುವ ಹಿಂದಿನ ಸಂಜೆ ಭಾವ ನನ್ನನ್ನು ಖಾಲಿ ಸೈಟುಗಳ ಕಡೆ ನಡೆಸಿಕೊಂಡು ಹೋದರು.

"ಅವಳು ಮಾತಾಡ್ತಾಳೆ ಕಣಯ್ಯಾ. ಹಿತ್ತಲಲ್ಲಿ ನಿಮ್ಮಕ್ಕನ ಜೊತೆ ಸೊಗಸಾಗಿ ಮಾತಾಡ್ತಾಳೆ. ಯಾರಿಗೂ ಹೇಳ್ಬೇಡಿ ಅಂತ ನಿಮ್ಮಕ್ಕನ ಹತ್ರ ಆಣೆ ಹಾಕಿಸ್ಕೊಂಡಿದಾಳೆ."

"ಮತ್ತೆ ಯಾವಾಗ ನಿಲ್ಲಿಸ್ತಾಳೆ?" ನಾನು ಅವರ ದನಿಯಲ್ಲೇ ಕೇಳಿದೆ.

"ನಿನ್ನ ಸೈಕಲ್ ಸ್ಟ್ಯಾಂಡ್ ಹಾಕೋ ಸದ್ದು ಕೇಳಿದಾಗ."

ನಾನು ನಕ್ಕೆ. "ಇದು ಯಾವ ಸಿದ್ಧಾಂತ ಭಾವ? ಪೆಪ್ಪರ್‌ಮಿಂಟಾ, ಬಾಲ್ಯಾನಾ?"

"ಮೂರನೇದು. ಮನೆ ಅಂದ್ರೆ ನವಾರಿನ ಮಂಚ ಇದ್ದಂಗೆ. ಒಂದು ಕಡೆ ಎಳೆದ್ರೆ ಇನ್ನೊಂದು ಕಡೆ ಬಿಗಿಯುತ್ತೆ. ಬಿಗಿದಿರೋ ಜಾಗನ ಮಾತ್ರ ನೋಡ್ಬಾರ್ದು, ಎಳೀತಿರೋರು ಯಾರು ಅಂತ ನೋಡ್ಬೇಕು. ಅವಳು ಬಾಯಿ ತೆಗೆದ್ರೆ ನೀನು ನಾಲ್ಕು ಜನರನ್ನ ನಗಿಸ್ತೀಯ. ಮುಚ್ಕೊಂಡ್ರೆ ಅವಳಿಗೆ ನೆಮ್ಮದಿ. ಆ ನೆಮ್ಮದೀನೇ ಅವಳ ಪೆಪ್ಪರ್‌ಮಿಂಟು ಅಂತ ಬೇಕಾದ್ರೂ ಇಟ್ಕೋ." ಮನೆಯ ಕಡೆ ತಿರುಗುತ್ತಾ ಹೇಳಿದರು: "ನಿಮ್ಮ ಮಾವ ಬರೋಕೆ ಮುಂಚೆ ಅವಳ ಹತ್ರ ತಪ್ಪಾಯ್ತು ಅನ್ನು. ಅಷ್ಟೇ. ಅದಕ್ಕೆ ಡಿಗ್ರಿ ಬೇಡ."

ನಾನು ಹೂಂ ಎಂದೆ. ಹೇಳಲಿಲ್ಲ. ಹೆಂಡತಿಯ ಮುಂದೆ ತಪ್ಪಾಯಿತು ಎಂದ ಗಂಡಸನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ನೋಡಿದ್ದರೆ ಅವನನ್ನೂ ಅಣಕಿಸುತ್ತಿದ್ದೆ.

ಮಾವ ಬಂದರು. ನಡುಮನೆಯಲ್ಲಿ ಎಲ್ಲರೂ ಸೇರಿದ್ದೆವು. ಅವರು ಕಾಫಿ ಲೋಟ ಕೈಯಲ್ಲಿ ಹಿಡಿದು, "ಏನವಾ, ಆರಾಮದೀಯೇನು?" ಎಂದು ಮಗಳನ್ನು ಕೇಳಿದರು. ಅವಳು ಬಾಯಿ ತೆರೆದು ನನ್ನ ಕಡೆ ನೋಡಿದಳು. ಭಾವನವರೂ ನನ್ನನ್ನೇ ನೋಡಿದರು. ಆ ಮೌನವನ್ನು ನನ್ನಿಂದ ತಡೆಯಲಾಗಲಿಲ್ಲ. ನನಗೆ ಬರುತ್ತಿದ್ದ ವಿದ್ಯೆ ಒಂದೇ. ಭಾವನವರಂತೆ ಕತ್ತು ಓರೆ ಮಾಡಿ, "ಆರಾಮಾ? ಯಾವಾಗ?" ಎಂದೆ.

ಅಪ್ಪ ನಕ್ಕರು, ಅಮ್ಮ ನಕ್ಕರು, ಮಾವನೂ ಮರ್ಯಾದೆಗೆ ನಕ್ಕರು. ಭಾವನವರು ನಗಲಿಲ್ಲ.

ನಗು ನಿಂತ ಮೇಲೆ ಹೆಂಡತಿ ನಿಧಾನವಾಗಿ, ಅಮ್ಮ ಮಾತಾಡುವ ಹಾಗೆಯೇ, ಅಚ್ಚ ನಮ್ಮ ಕಡೆಯ ಧಾಟಿಯಲ್ಲಿ ಹೇಳಿದಳು: "ಚೆನ್ನಾಗಿದೀನಪ್ಪಾ. ನೀವು ಹೋಗ್ಬನ್ನಿ, ನಾನು ಇಲ್ಲೇ ಇರ್ತೀನಿ."

ಮಾವ ಲೋಟ ಕೆಳಗಿಟ್ಟರು. ಯಾರ ಮಗಳೋ ಎದುರಿಗೆ ಬಂದು ನಿಂತಂತೆ ಅವಳನ್ನು ನೋಡಿದರು. ನಮ್ಮ ಮನೆಯಲ್ಲಿ ಮಾತ್ರ ಹಬ್ಬ. ಮಾತು ಬಂತಲ್ಲ! ಮಾವ ಒಬ್ಬರೇ ಊರಿಗೆ ಹೋದರು. ಭಾವನವರ ಮೂರನೆಯ ಸಿದ್ಧಾಂತವೂ ಬಿದ್ದುಹೋಯಿತೆಂದು ನಾನು ಕ್ಯಾಂಟೀನಿನಲ್ಲಿ ವಾರವೆಲ್ಲ ಹೇಳಿ ನಗಿಸಿದೆ.

ಅಂದಿನಿಂದ ಅವಳು ನಮ್ಮಂತೆಯೇ ಮಾತಾಡಿದಳು. ತವರಿಗೆ ಹೋದಾಗಲೂ ಹಾಗೆಯೇ. ಅಲ್ಲಿ ಅವಳ ತಂಗಿಯರು, "ಬೆಂಗಳೂರು ಅಕ್ಕಾರು ಬಂದ್ರು ನೋಡ್ರಿ," ಎಂದು ಅವಳನ್ನು ಅಣಕಿಸಿ ನಕ್ಕಿದ್ದನ್ನು ನಾನೇ ಕೇಳಿದ್ದೇನೆ. ಆ ಸಲ ನನಗೆ ನಗು ಬರಲಿಲ್ಲ.

ವರ್ಷಗಳ ಮೇಲೆ, ಭಾವನವರು ಕೆಂಗೇರಿಯಲ್ಲಿ ಮನೆ ಕಟ್ಟಿಸಿಕೊಂಡು ನಿವೃತ್ತರಾಗಿದ್ದಾಗ, ಹೋಗಿ ತಪ್ಪಾಯಿತು ಎಂದೆ.

"ನನ್ನನ್ನ ಆಡ್ಕೊಂಡಿದ್ದಕ್ಕಾ? ಬಿಡಯ್ಯಾ, ನಾನೂ ನಕ್ಕಿದೀನಿ. ಅವಳಿಗೆ ಹೇಳಿದ್ಯಾ?"

ಕೆಂಗೇರಿಯಲ್ಲಿ ಗಾಳಿ ಚೆನ್ನಾಗಿದೆ ಎಂದೆ. ಅವರು ಮತ್ತೆ ಕೇಳಲಿಲ್ಲ. ಈಗ ಕೇಳಲು ಅವರಿಲ್ಲ.

ಹೋದ ತಿಂಗಳು ಹೆಂಡತಿಗೆ ಜ್ವರ ಬಂತು. ಮಧ್ಯಾಹ್ನ ಮಂಪರಿನಲ್ಲಿ, "ಯವ್ವಾ, ಒಂಚೂರು ನೀರ ಕೊಡಬೇ," ಎಂದಳು. ಆ ದನಿ ಕೇಳಿ ಎಷ್ಟು ಕಾಲವಾಗಿತ್ತು. ಅವಳೊಳಗೆ ಅದು ಇನ್ನೂ ಇತ್ತು. ನಾನು ಲೋಟ ಹಿಡಿದು ಪಕ್ಕದಲ್ಲಿ ಕೂತೆ. ಅವಳು ಕಣ್ಣು ತೆರೆದಳು, ನಾನು ಎಂದು ಗುರುತು ಹಿಡಿದಳು, ಆ ಜ್ವರದಲ್ಲೂ ಮಾತನ್ನು ತಿದ್ದಿಕೊಂಡಳು: "ಸ್ವಲ್ಪ ನೀರು ಕೊಡ್ತೀರಾ?"

ಕೊಟ್ಟೆ. ಹೇಳಬೇಕಾದದ್ದನ್ನು ಆಗಲೂ ಹೇಳಲಿಲ್ಲ. ನಮ್ಮ ಮನೆಗೆ ಬಂದ ಮೇಲೆ ನಾವು ಅವಳನ್ನು ನೀಲಾ ಮಾಡಿಕೊಂಡೆವು. ಅವಳ ತಾಯಿ ಕೂಗುತ್ತಿದ್ದದ್ದು ನೀಲವ್ವ ಎಂದು. ನಾನು ತಪ್ಪಾಯಿತು ಎಂದು ಇನ್ನೂ ಹೇಳಬೇಕಾಗಿರುವುದು ಆ ನೀಲವ್ವನಿಗೆ.