ಹದಿನಾಲ್ಕು ಸಲ ಆಸ್ಪತ್ರೆ ಸೇರಿದ ಹುಚ್ಚಕ್ಕನ ಅಡಿಗೆಮನೆಗೆ ನುಗ್ಗಿದ ವೈದ್ಯ ವಿದ್ಯಾರ್ಥಿಗಳಿಗೆ

ತಾಳ್ಯ, ಹೊಳಲ್ಕೆರೆ ತಾಲ್ಲೂಕು
೧೨ ಫೆಬ್ರವರಿ ೧೯೭೮

ಮಾನ್ಯರೇ,

ಆಸ್ಪತ್ರೆಗೆ ಪದೇ ಪದೇ ಬಂದು ಸೇರುವ ರೋಗಿಗಳ ಮನೆಗೇ ಹೋಗಿ, ಅವರೇಕೆ ಹೀಗೆ ಬರುತ್ತಾರೆಂದು ಪತ್ತೆ ಮಾಡುವ ಘನಕಾರ್ಯವನ್ನು ಕೈಗೊಂಡಿರುವ ವೈದ್ಯ ವಿದ್ಯಾರ್ಥಿ ತಂಡದ ನಾಲ್ವರಿಗೂ, ಅದರಲ್ಲೂ ತಂಡದ ನಾಯಕರಾದ ಹೊಸದುರ್ಗದ ಶ್ರೀ ಮುರುಗೇಶಪ್ಪನವರಿಗೆ ಬಗ್ಗಿಯೂ, ಕುಮಾರಿ ಕೊಟ್ರಮ್ಮನವರಿಗೆ ಸ್ವಲ್ಪ ದೂರದಲ್ಲೇ ನಿಂತೂ, ಅರ್ಜಿ ಬರಹಗಾರ ಎತ್ತಪ್ಪನು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ನನ್ನ ಹೆಂಡತಿ ಹುಚ್ಚಕ್ಕ ನನಗಿಂತಲೂ ಕ್ಷೇಮ. ನನ್ನ ದೂರು ಇರುವುದೇ ಅಲ್ಲಿ.

ತಾಲ್ಲೂಕು ಕಚೇರಿಯ ಮುಂದಿನ ಬೇವಿನ ಮರದಡಿ ಹದಿನೆಂಟು ವರ್ಷದಿಂದ ಕೂತು, ಪಹಣಿ ತಿದ್ದುಪಡಿಯಿಂದ ಹಿಡಿದು ಕಳೆದುಹೋದ ಕುರಿಯ ಫಿರ್ಯಾದಿನವರೆಗೆ ಜನರ ಕಷ್ಟವನ್ನೆಲ್ಲ ಕಾಗದಕ್ಕಿಳಿಸಿದವನು ನಾನು. ನನ್ನ ಅರ್ಜಿಯನ್ನು ತಹಸೀಲ್ದಾರರೂ ಎರಡು ಸಲ ಓದುತ್ತಾರೆ, ಒಂದು ಸಲ ವಿಷಯಕ್ಕೆ, ಇನ್ನೊಂದು ಸಲ ಅಕ್ಷರದ ಚಂದಕ್ಕೆ. ಇಂಥವನು ತನ್ನ ಪರವಾಗಿ ಬರೆದುಕೊಳ್ಳುತ್ತಿರುವ ಮೊದಲ ಅರ್ಜಿ ಇದು. ಬಸ್ ಸ್ಟ್ಯಾಂಡಿನ ಹೋಟೆಲ್ ಗೋಡೆಗೂ ಇದರ ಒಂದು ಪ್ರತಿ ಅಂಟಿಸಿದ್ದೇನೆ, ಊರು ಓದಲಿ.

ಕಳೆದ ಒಂದೇ ವರ್ಷದಲ್ಲಿ ಹುಚ್ಚಕ್ಕ ಉಬ್ಬಸದಿಂದ ದುರ್ಗದ ದೊಡ್ಡಾಸ್ಪತ್ರೆಗೆ ಹದಿನಾಲ್ಕು ಸಲ ಸೇರಿದ್ದು ತಮಗೆ ಗೊತ್ತೇ ಇದೆ. ಬಸ್ ಕಂಡಕ್ಟರ್ ಕಾಟಪ್ಪ ನಮ್ಮನ್ನು ಕಂಡರೆ ಎಲ್ಲಿಗೆ ಎಂದು ಕೇಳುತ್ತಿರಲಿಲ್ಲ. "ಏನಪ್ಪ ಎತ್ತಪ್ಪ, ಅಡ್ಮಿಟ್ಟೋ ಡಿಸ್ಚಾರ್ಜೋ?" ಎಂದಷ್ಟೇ ಕೇಳಿ ಮುಂದಿನ ಸೀಟು ಬಿಡಿಸಿಕೊಡುತ್ತಿದ್ದ. ಅಲ್ಲಿ ಮೂರು ದಿನ ಮಲಗಿದರೆ ಉಸಿರು ಸಲೀಸು, ಮನೆಗೆ ಬಂದು ಹದಿನೈದು ದಿನವಾದರೆ ಮತ್ತೆ ಗೊರಗೊರ. ನಾನು ಬುದ್ಧಿವಂತನಲ್ಲವೇ, ಕೂಲಂಕಷವಾಗಿ ಯೋಚಿಸಿ ಇದು ಆಸ್ಪತ್ರೆಯ ನಲ್ಲಿ ನೀರಿನ ಗುಣವೆಂದು ತೀರ್ಮಾನಿಸಿದೆ. ಆರನೇ ಸಲದಿಂದ ಒಂದು ಬಿಂದಿಗೆ ನೀರನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ತಂದು ಕುಡಿಸಿದೆ. ಒಂಬತ್ತನೇ ಸಲ ಅದು ನೀರಲ್ಲ, ಕಿಟಕಿ ಪಕ್ಕದ ಏಳನೇ ನಂಬರಿನ ಮಂಚ ಎನ್ನಿಸಿತು. ಆ ಮಂಚವನ್ನು ತಾಳ್ಯಕ್ಕೆ ವರ್ಗಾಯಿಸಬೇಕೆಂದು ಮೂರು ಪುಟದ ಮನವಿ ಕೊಟ್ಟಿದ್ದೆ, ಉತ್ತರ ಇನ್ನೂ ಬಂದಿಲ್ಲ.

ಹದಿನಾಲ್ಕನೇ ಸಲ ದೊಡ್ಡ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡ್ರಿ, ಎದೆ ಭಾಳ ಸೋತೈತೆ. ಮುಂದಿನ ಸಲ ಈಕೆ ಬಸ್ಸಿನಾಗೇ ಹೋಗಿಬಿಟ್ರೆ ನನ್ನ ಕೇಳಬ್ಯಾಡ್ರಿ" ಎಂದರು. ಹೆದರಿಕೆಯಲ್ಲಿ ಅವರು ತೋರಿಸಿದ ಕಾಗದಕ್ಕೆಲ್ಲ ರುಜು ಹಾಕಿದೆ. ಅದರಲ್ಲೊಂದು ತಾವು ನಮ್ಮ ಮನೆಗೆ ಬರಲು ಒಪ್ಪಿಗೆ ಎಂಬುದಾಗಿತ್ತು. ಊರಿಗೆಲ್ಲ ಓದದೆ ರುಜು ಹಾಕಬೇಡಿರೆಂದು ಬುದ್ಧಿ ಹೇಳುವವನು ನಾನು!

ತಾವು ಬಂದಿರಿ. ಮನೆಗೆ ಬಂದವರನ್ನು ಕರಿಕಂಬಳಿ ಹಾಸಿ ಕೂರಿಸುವುದು ನಮ್ಮ ಹಟ್ಟಿಯ ಪದ್ಧತಿ. ಜಗಲಿಯ ಮೇಲೆ ಕಂಬಳಿ ಹಾಸಿ, ಎಲೆ ಅಡಿಕೆ ತಟ್ಟೆ ಇಟ್ಟು, "ಬರ್ರಿ, ಕುಂತ್ಕಳ್ರಿ" ಎಂದು ಕೈಮುಗಿದೆ. ಕಲೆಕ್ಟರು ಬಂದರೂ ಆ ಕಂಬಳಿಯನ್ನು ದಾಟಿ ಒಳಗೆ ಹೋಗುವುದಿಲ್ಲ. ತಾವು ನಾಲ್ವರೂ ಚಪ್ಪಲಿ ಬಿಟ್ಟು, ಕಂಬಳಿಗೆ ಒಂದು ಸುತ್ತು ಹಾಕಿ, ಸೀದಾ ಅಡಿಗೆಮನೆಗೆ ಹೋದಿರಿ. ನನ್ನ ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ನಾನೇ ಆ ಹೊಸ್ತಿಲ ಒಳಗೆ ಸರಿಯಾಗಿ ಕಾಲಿಟ್ಟವನಲ್ಲ. ಊಟ ಜಗಲಿಗೇ ಬರುತ್ತಿತ್ತು.

ಕುಮಾರಿ ಕೊಟ್ರಮ್ಮನವರು ಹುಚ್ಚಕ್ಕನ ಪಕ್ಕ ಒಲೆಯ ಮುಂದೆ ಕೂತು, ಒಂದು ಹೊತ್ತಿನ ಮುದ್ದೆ ಆಗುವವರೆಗೆ ಏಳಲಿಲ್ಲ. ಹೊರಬಂದಾಗ ಅವರ ಕಣ್ಣು ಕೆಂಡದಂತಾಗಿತ್ತು. "ಯಜಮಾನ್ರೇ, ಒಳಗೆ ಒಂದು ಕಿಂಡಿನೂ ಇಲ್ವಲ್ರಿ! ಈ ಬೆರಣಿ ಹೊಗೆ ಎಲ್ಲಿಗೆ ಹೋಗ್ಬೇಕು?" ಎಂದು ನನ್ನನ್ನು ಕೇಳಿದರು. ಹೊಗೆ ಎಲ್ಲಿಗೆ ಹೋಗಬೇಕೆಂಬುದು ಹೊಗೆಗೆ ಬಿಟ್ಟ ವಿಚಾರವೆಂದೇ ನಾನು ತಿಳಿದಿದ್ದೆ. ಕಿಂಡಿ ತೆಗೆಯಬಹುದಾದ ಒಂದೇ ಗೋಡೆಯಲ್ಲಿ ನಮ್ಮ ಮನೆದೇವರ ಪೆಟ್ಟಿಗೆಯ ಗೂಡಿದೆ, ಮೂರು ತಲೆಮಾರಿನಿಂದ ಅದನ್ನು ಯಾರೂ ಅಲ್ಲಾಡಿಸಿಲ್ಲ ಎಂದು ವಿನಯದಿಂದ ತಿಳಿಸಿದೆ. ಆಗ ಶ್ರೀ ಮುರುಗೇಶಪ್ಪನವರು ಚೀಟಿ ಬರೆದರು. ರೋಗಿಯ ಹೆಸರು ಹುಚ್ಚಕ್ಕ. ಔಷಧಿ ಎಂಬಲ್ಲಿ, ಮಾನ್ಯರೇ, ಮಾತ್ರೆಯಿಲ್ಲ, ಟಾನಿಕ್ಕಿಲ್ಲ: "ಕಿಂಡಿ ಆಗುವ ತನಕ ಒಲೆ ಮುಂದೆ ಗಂಡ. ದಿನಕ್ಕೆರಡು ಹೊತ್ತು. ಕಿಂಡಿಯಾದರೂ ಮೂರು ತಿಂಗಳು ಹೆಂಡತಿಗೆ ಒಲೆಯಿಂದ ರಜೆ."

ನಾನು ನಕ್ಕೆ. ಇದೇನು ಮಹಾ ಎಂದು ಪಂಚೆ ಎತ್ತಿ ಕಟ್ಟಿ ಒಳಗೆ ಹೋದೆ. ಮೊದಲ ದಿನದ ಮುದ್ದೆಯಲ್ಲಿದ್ದ ಗಂಟುಗಳನ್ನು ನಮ್ಮ ಕುರಿಕಾಯುವ ನಾಯಿಯೂ ಬದಿಗಿಟ್ಟು ತಿಂದಿತು. ಎತ್ತಪ್ಪ ಮುದ್ದೆ ತಿರುವುತ್ತಾನಂತೆ ಎಂದು ಹಟ್ಟಿಯ ಹೆಂಗಸರೆಲ್ಲ ಸರದಿಯ ಮೇಲೆ ಬೆಂಕಿ ಕೇಳುವ ನೆಪದಲ್ಲಿ ಬಂದು ನೋಡಿ ಹೋದರು. ನನ್ನ ಮಾನ ಮೂರಾಬಟ್ಟೆಯಾಯಿತು. ಹುಚ್ಚಕ್ಕ ಮಾತ್ರ ಹೊರಗೆ ನನ್ನದೇ ಕಂಬಳಿಯ ಮೇಲೆ ಕೂತು, "ಎಸರು ಮಳ್ಳೋ ತನಕ ತಡ್ಕಳ್ರಿ, ಆಮ್ಯಾಲೆ ಹಿಟ್ಟು ಹಾಕ್ರಿ" ಎಂದು ಹುಕುಂ ಕೊಡುತ್ತಿದ್ದಳು. ಅವಳ ಉಸಿರು ಆ ಹುಕುಮಿನ ನಡುವೆ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ.

ಐದನೇ ದಿನ ನನ್ನ ಕಣ್ಣು ಊದಿತು. ಎಂಟನೇ ದಿನ ಕೆಮ್ಮು ಹಿಡಿಯಿತು. ಹನ್ನೊಂದನೇ ದಿನ ಅನ್ನದ ಗಂಜಿ ಬಸಿಯುತ್ತಾ ಬಸಿಯುತ್ತಾ ಉಸಿರು ಒಳಗೂ ಹೋಗದೆ ಹೊರಗೂ ಬಾರದೆ, ಅಯ್ಯೋ ಶಿವನೇ, ನಾನು ಸತ್ತೆ ಎಂದುಕೊಂಡೆ. ಹುಚ್ಚಕ್ಕ ನನ್ನ ರಟ್ಟೆ ಹಿಡಿದು ಬಸ್ಸು ಹತ್ತಿಸಿದಳು. ಕಾಟಪ್ಪ ಒಮ್ಮೆ ಅವಳನ್ನೂ ಒಮ್ಮೆ ನನ್ನನ್ನೂ ನೋಡಿ, "ಇದೇನಕ್ಕ, ಇವತ್ತು ಪೇಷಂಟ್ ಯಾರು?" ಎಂದ. ಬಸ್ಸೆಲ್ಲ ನಕ್ಕಿತು. ನನಗೆ ಸಿಕ್ಕಿದ ಮಂಚ ಗಂಡಸರ ವಾರ್ಡಿನ ಮೂಲೆಯದು. ಅದಕ್ಕೆ ಕಿಟಕಿಯಿರಲಿಲ್ಲ, ನಲ್ಲಿ ನೀರನ್ನು ನಾನು ಮುಟ್ಟಲಿಲ್ಲ, ಆದರೂ ಮೂರು ದಿನಕ್ಕೆ ಉಸಿರು ಸಲೀಸಾಯಿತು. ಅಲ್ಲಿ ಒಲೆಯಿರಲಿಲ್ಲ, ಅಷ್ಟೇ. ತಾವು ನಾಲ್ವರೂ ಬಂದು ನನ್ನ ಕಾಲ ಬಳಿ ನಿಂತಿರಿ. ಒಬ್ಬರಾದರೂ ನಕ್ಕಿದ್ದರೆ ನಾನು ಬೈದು ಹಗುರಾಗುತ್ತಿದ್ದೆ. ಯಾರೂ ನಗಲಿಲ್ಲ, ಅದೇ ನನ್ನ ಹೊಟ್ಟೆ ಉರಿಸಿತು.

ಊರಿಗೆ ಬಂದ ಮಾರನೇ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕಾಯಿ ಒಡೆದು, ತಪ್ಪಾಯಿತೆಂದು ಅಡ್ಡಬಿದ್ದು, ಪೆಟ್ಟಿಗೆಯನ್ನು ಕೈಯಾರೆ ಎತ್ತಿದೆ. ಸಿಡಿಲು ಬಡಿಯಲಿಲ್ಲ. ಪೆಟ್ಟಿಗೆಗೆ ಹಿಡಿದಿದ್ದ ಮಸಿಯನ್ನು ಒರೆಸಿದರೆ ಅದರ ಮೇಲೆ ಹಿತ್ತಾಳೆಯ ಹೂವುಗಳಿದ್ದವು, ಅವು ಅಲ್ಲಿವೆ ಎಂಬುದೇ ನನಗೆ ಗೊತ್ತಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಾರೆಯಿಂದ ಗೋಡೆಗೆ ಒಂದು ಮೊಳದ ಕಿಂಡಿ ಬಿತ್ತು. ಹೊಗೆ ಯಾರನ್ನೂ ಕೇಳದೆ ಹೊರಗೆ ಹೋಯಿತು.

ಈಗ ನನ್ನ ಬೇಡಿಕೆಗಳನ್ನು ದಯವಿಟ್ಟು ಪರಾಂಬರಿಸಬೇಕು. ಕಿಂಡಿಯಾದರೂ ಹೆಂಡತಿಗೆ ಮೂರು ತಿಂಗಳ ರಜೆ ಎಂಬ ತಮ್ಮ ಚೀಟಿಯನ್ನು ಅವಳು ದೇವರ ಪೆಟ್ಟಿಗೆಯೊಳಗೇ ಇಟ್ಟಿದ್ದಾಳೆ, ಅದನ್ನು ರದ್ದು ಮಾಡುವ ಅಧಿಕಾರ ಯಾವ ಇಲಾಖೆಗಿದೆಯೆಂದು ತಿಳಿಸಬೇಕು. ನಮ್ಮ ಹಟ್ಟಿಯ ಹೆಂಗಸರೆಲ್ಲ ಈಗ ತಮ್ಮ ತಮ್ಮ ಗಂಡಂದಿರಿಗೂ ಇಂಥದೇ ಚೀಟಿ ಬೇಕೆನ್ನುತ್ತಿದ್ದಾರೆ, ಗಂಡಸರು ನನ್ನನ್ನು ಕಂಡರೆ ದಾರಿ ಬದಲಿಸುತ್ತಾರೆ. ಆದ್ದರಿಂದ ತಾಳ್ಯದಿಂದ ರಾಮಗಿರಿಯವರೆಗೆ ಇರುವ ಎಲ್ಲ ಗಂಡಸರನ್ನೂ ಹನ್ನೊಂದು ದಿನ ಒಲೆಯ ಮುಂದೆ ಕೂರಿಸಿ, ನಾನೊಬ್ಬನೇ ನಗೆಪಾಟಲಾಗುವುದನ್ನು ತಪ್ಪಿಸಬೇಕು.

ಕೊನೆಯದಾಗಿ, ತಮ್ಮ ವರದಿಯಲ್ಲಿ ಹುಚ್ಚಕ್ಕನ ರೋಗಕ್ಕೆ ಕಾರಣ ಎಂಬಲ್ಲಿ "ಹೊಗೆ" ಎಂದು ಬರೆದಿದ್ದೀರಂತೆ. ತಮ್ಮ ಸೌಜನ್ಯಕ್ಕೆ ಕೃತಜ್ಞ. ಆದರೆ ಹದಿನೆಂಟು ವರ್ಷ ಅರ್ಜಿ ಬರೆದವನಿಗೆ ತಪ್ಪು ದಾಖಲೆ ಸಹಿಸಲಾಗುವುದಿಲ್ಲ. ಹೊಗೆಗೆ ಹೋಗಲು ದಾರಿ ಕೊಡದಿದ್ದವನು ಯಾರೋ ಅವನ ಹೆಸರು ಅಲ್ಲಿರಬೇಕು. ನನ್ನ ಪೂರ್ತಿ ಹೆಸರು, ಊರು, ಉದ್ಯೋಗ ಕೆಳಗಿದೆ, ಅದನ್ನು ನೋಡಿಕೊಂಡು ತಿದ್ದಿಕೊಳ್ಳಿರಿ. ಆ ಹದಿನಾಲ್ಕು ಸಲವೂ ಬಸ್ಸಿನಲ್ಲಿ ಅವಳ ಪಕ್ಕ ಕೂತು ಬಂದವನು ನಾನೇ, ನನಗೆ ನಾಚಿಕೆಯಾಗಿದೆ.

ತಮ್ಮ ವಿಶ್ವಾಸಿ,
ಚಿತ್ತಯ್ಯನ ಮಗ ಎತ್ತಪ್ಪ, ತಾಳ್ಯ,
ಅರ್ಜಿ ಬರಹಗಾರ, ಹಾಲಿ ಎರಡು ಹೊತ್ತು ಮುದ್ದೆ ತಿರುವುವವನು

ತಾ.ಕ.: ಪತ್ರವನ್ನು ಹುಚ್ಚಕ್ಕನಿಗೆ ಓದಿ ಹೇಳಿ, ನಿನ್ನದೇನಾದರೂ ಸೇರಿಸುವುದಿದೆಯೇ ಎಂದು ಕೇಳಿದೆ. ಇಷ್ಟು ವರ್ಷದಲ್ಲಿ ಅವಳನ್ನು ಹೀಗೆ ಕೇಳಿದ್ದು ಇದೇ ಮೊದಲು. ಅವಳು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ: "ಮದುವ್ಯಾಗಿ ಬಂದ ವರ್ಸಾನೇ ಒಂದು ಕಿಂಡಿ ಬಿಡಿಸಿಕೊಡ್ರಿ ಅಂತ ಕೇಳಿದ್ದೆ. ಆ ಅರ್ಜಿ ಯಾವ ಕಚೇರಿಗೆ ಹೋಗಿ ಬಿದ್ದೈತೋ, ಸ್ವಲ್ಪ ವಿಚಾರಿಸಿ ಹೇಳ್ರಿ."