ಮಾಮಾನ ಏಳು ಇಲಾಖೆಗಳು

ನನ್ನ ಸೋದರಮಾವನ ದೇಹದಲ್ಲಿ ಏಳು ಇಲಾಖೆಗಳಿವೆ. ಒಂದರ ಸಮಾಚಾರ ಇನ್ನೊಂದಕ್ಕೆ ಹೋಗಬಾರದು! ರೈಲ್ವೆ ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾಗಿ ತೆಲುಗು ಸೀಮೆಯ ಮಲ್ಕಾಜ್‌ಗಿರಿಯಲ್ಲಿ ನೆಲೆಸಿದ ಮಾಮಾ, ಕಣ್ಣು, ಹಲ್ಲು, ಮಂಡಿ ಎಂದು ಒಂದೊಂದಕ್ಕೂ ಒಂದೊಂದು ಫೈಲು ಇಟ್ಟಿದ್ದಾರೆ. ಎಲ್ಲಕ್ಕಿಂತ ದಪ್ಪನೆಯದು ಚರ್ಮದ್ದು. ಸೋರಿಯಾಸಿಸ್ ಅವರ ಮನೆಗೆ ಬಂದದ್ದು ಮಾಮಿಗಿಂತ ಎರಡು ವರ್ಷ ಮೊದಲು.

ಒಮ್ಮೆ ಹಲ್ಲಿನ ಡಾಕ್ಟರು, "ಬಿಪಿ ಹೈ ಕ್ಯಾ?" ಎಂದು ಕೇಳಿದ್ದಕ್ಕೆ, ಅದು ನಿಮ್ಮ ಸೆಕ್ಷನ್ ಅಲ್ಲ ಎಂದು ಬಾಯಿ ಮುಚ್ಚಿಕೊಂಡು ಎದ್ದು ಬಂದರು. ಆ ಹಲ್ಲು ಇನ್ನೂ ಅಲ್ಲಾಡುತ್ತಿದೆ.

ನಾನೋ, ಸೀನು ಬಂದರೂ ವಿಮೆ ಕಾಗದ ಹುಡುಕುವವನು. ಕಳೆದ ತಿಂಗಳು ಸ್ಟೇಷನ್ನಿನ ಮೇಲ್ಸೇತುವೆ ಹತ್ತುವಾಗ ಮಾಮಾ ಅರ್ಧಕ್ಕೇ ನಿಂತು ಎದೆ ಒತ್ತಿಕೊಂಡರು.

"ಏನಾತು ಮಾಮಾ?"

"ಏನಿಲ್ಲೋ, ರೈಲು ನೋಡಾಕತ್ತೀನಿ."

ಹಳಿಯ ಮೇಲೆ ಒಂದು ನಾಯಿ ಬಿಟ್ಟರೆ ಏನೂ ಇರಲಿಲ್ಲ.

ಮರುದಿನ ಚರ್ಮದ ಡಾಕ್ಟರ ಬಳಿ ನಾನೂ ಹೋಗಿ ಮೆಟ್ಟಿಲ ಸಂಗತಿ ಬಾಯಿಬಿಟ್ಟೆ. ರಾಯಚೂರು ಕಡೆಯ ಹೆಣ್ಣುಮಗಳು ಆಕೆ. "ಇವತ್ತ ಇಸಿಜಿ ಮಾಡಸ್ರಿ," ಎಂದರು.

"ನಾ ತೋರಿಸಿದ್ದು ಮೊಣಕೈರಿ, ಮೇಡಂ."

"ಮೊಣಕೈಯಾಗ ಕಾಣೂ ಉರಿಯೂತ ಒಳಗ ರಕ್ತನಾಳಕ್ಕೂ ತ್ರಾಸು ಕೊಡತೈತ್ರಿ. ಈ ಬ್ಯಾನಿ ಇದ್ದೋರಿಗೆ ಹಾರ್ಟಿನ ಬ್ಯಾನಿ ಬರೂ ಸಂಭವ ಜಾಸ್ತಿ. ಬಿಪಿ, ಸಕ್ಕರಿ, ಕೊಲೆಸ್ಟ್ರಾಲ್ ಎಲ್ಲಾ ನೋಡಬೇಕು."

"ಅಂದ್ರ, ನನಗ ಕೇಳದ ಎರಡು ಇಲಾಖೆ ಮಾತಾಡ್ಕೊಂಡಾವ!" ಮಾಮಾ ನನ್ನನ್ನು, ಫೈಲು ಸೋರಿಸಿದ ಜವಾನನನ್ನು ನೋಡುವಂತೆ ನೋಡಿದರು.

ಇಸಿಜಿ ಕೋಣೆಯಲ್ಲಿ ನರ್ಸಮ್ಮ ಅಂಗಿ ಬಿಚ್ಚಲು ಹೇಳಿ ಹೊರಗೆ ಹೋದರು. ಮಾಮಾ ಕದಲಲಿಲ್ಲ.

"ನಿಮ್ಮ ಮಾಮಿ ಬಿಟ್ಟು ಈ ಮೈ ಯಾರೂ ನೋಡಿಲ್ಲೋ. ನೀ ಹೊರಗ ಹೋಗು."

"ಹೋಗೂದಿಲ್ಲ."

ಗುಂಡಿಗಳನ್ನು ನಾನೇ ಬಿಚ್ಚಿದೆ. ಎದೆ, ಬೆನ್ನು ತುಂಬ ಕೆಂಪು ಕಲೆ, ಮೇಲೆ ಬೆಳ್ಳನೆಯ ಹೊಟ್ಟು. ಮಾಮಾ ಗೋಡೆ ನೋಡುತ್ತ ಹೇಳಿದರು: "ಮುಟ್ಟಿದ್ರ ಹತ್ತೂದಿಲ್ಲ ಅಂತ ಡಾಕ್ಟರು ಆವಾಗೇ ಹೇಳಿದ್ರು. ಆದ್ರೂ ಸಣ್ಣಾವಿದ್ದಾಗ ನಿನ್ನ ಒಂದ್ ಸಲಾನೂ ಎತ್ಕೊಳ್ಳಿಲ್ಲ. ಅಂಜಿಕಿ ಬರ್ತಿತ್ತು."

ನಾನು ಐವತ್ತು ವರ್ಷ ಅದನ್ನು ಬಿಗುಮಾನ ಎಂದುಕೊಂಡಿದ್ದೆ.

ಹೃದಯದ ಡಾಕ್ಟರು ಇಸಿಜಿ ಪಟ್ಟಿ ನೋಡಿ, ಹೊತ್ತಿಗೆ ಸರಿಯಾಗಿ ಬಂದಿರಿ ಎಂದು ಗುಳಿಗೆ ಬರೆದದ್ದು ಆಮೇಲಿನ ಮಾತು. ಆಗ ನಾನು ಮಾಮಾನನ್ನು ಮಂಚದ ಮೇಲೆ ಕೂಡಿಸಲು ಬೆನ್ನಿಗೆ ಕೈ ಹಚ್ಚಿದೆ. ಬೆಚ್ಚಗಿತ್ತು. ಕೈ ತೆಗೆಯಿರಿ ಎಂದು, ಮತ್ತೆ ಒಳಗೆ ಬಂದ ನರ್ಸಮ್ಮ ತೆಲುಗಿನಲ್ಲಿ ಎರಡು ಸಲ ಹೇಳಬೇಕಾಯಿತು.